ಇಮಾಂಸಾಬರ ದಾರ

ಇಮಾಂಸಾಬರ ಜೇಬಿನಲ್ಲಿ ಬೀಡಿ ಇಲ್ಲದ ದಿನ ಇದ್ದೀತು, ದಾರದ ಉಂಡೆ ಇಲ್ಲದ ದಿನ ಇರಲಿಲ್ಲ. ಅರವತ್ತರ ದಶಕದ ಮಾತು. ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲು ಸುತ್ತುವುದು ಅವರ ಕೆಲಸ. ಬಾಗಿಲ ಅಗಲ, ಮಂಚದ ಉದ್ದ, ಮಗಳ ಲಂಗ ಎಲ್ಲಕ್ಕೂ ದಾರದ ಅಳತೆಯೇ. ಟೇಪು ಕೊಟ್ಟರೆ ಮೂಗು ಮುರಿಯುತ್ತಿದ್ದರು. ಮಿಲ್ಲಿನ ಮೈದಾನದಲ್ಲಿ ಓಟದ ಪಂದ್ಯಕ್ಕೆ ಸುಣ್ಣದ ಗೆರೆ ಎಳೆಯುವವರೂ ಅವರೇ, ಕೊನೆಯಲ್ಲಿ ಅಡ್ಡಕ್ಕೆ ದಾರ ಹಿಡಿಯುವವರೂ ಅವರೇ.

ನಾನು ಅವರ ಪಕ್ಕದ ಮನೆಯವಳು. ಹೈಸ್ಕೂಲಿಗೆ ಬಂದ ಹುಡುಗಿ ಓಡುವುದೇನು ಎಂದು ಅಪ್ಪ ತಕರಾರು ತೆಗೆದಾಗ, "ಕಾಲು ಕೊಟ್ಟೋನು ದೇವ್ರು ಬಸಣ್ಣ, ನೀನ್ಯಾಕ ಕಟ್ಟಿ ಹಾಕ್ತೀಯ?" ಎಂದು ಕಟ್ಟೆಯ ಮೇಲೆ ಕೂತು ವಾದ ಮಾಡಿ ಒಪ್ಪಿಸಿದವರು ಅವರೇ. ಬೆಳಗ್ಗೆ ಬಾತಿ ರಸ್ತೆಯಲ್ಲಿ ಸೈಕಲ್ಲಿನಲ್ಲಿ ನನ್ನ ಹಿಂದೆಯೇ ಬರುತ್ತಿದ್ದರು. "ಕೈ ಬೀಸು ಬೇಟಿ, ಕಾಲು ತಾನೇ ಬರ್ತೈತೆ" ಎನ್ನುತ್ತಿದ್ದರು.

ಆ ವರ್ಷ ಒಂದು ಸುತ್ತಿನ ಓಟದಲ್ಲಿ ಗೆದ್ದವಳಿಗೆ ಬೆಂಗಳೂರಿನ ಪಂದ್ಯಕ್ಕೆ ಹೋಗುವ ಅವಕಾಶ. ಓಡುವವರು ನಾಲ್ವರು, ನನ್ನದು ತೀರಾ ಹೊರಗಿನ ಸಾಲು. ಹೊರಗಿನ ಸುತ್ತು ದೊಡ್ಡದು. ಅದಕ್ಕೇ ಇಮಾಂಸಾಬರು ನಾನು ನಿಲ್ಲುವ ಗುರುತನ್ನು ಇಪ್ಪತ್ತಕ್ಕೂ ಹೆಚ್ಚು ಹೆಜ್ಜೆ ಮುಂದೆ ಹಾಕಿದ್ದರು. ಅಧ್ಯಕ್ಷತೆಗೆ ಬಂದ ಮಿಲ್ಲಿನ ಸಾಹುಕಾರರು ಕುರ್ಚಿ ಬಿಟ್ಟೆದ್ದರು.

"ಏನ್ರೀ ಸಾಬ್ರೆ, ಪಕ್ಕದ್ಮನೆ ಹುಡುಗಿ ಅಂತ ಮುಂದ ನಿಲ್ಲಿಸೀರೇನು? ಎಲ್ಲಾರೂ ಒಂದೇ ಗೆರೆ ಮ್ಯಾಲೆ ನಿಲ್ಲಲಿ."

ಇಮಾಂಸಾಬರು ಒಳಗಿನ ಸಾಲಿನ ಗುಂಟ ಒಂದು ಸುತ್ತು ದಾರ ಹಾಸಿ ಕಡಿದರು. ಅದೇ ದಾರವನ್ನು ಓಟ ಮುಗಿಯುವ ಗೆರೆಯಿಂದ ಹಿಂದಕ್ಕೆ ನನ್ನ ಸಾಲಿನಲ್ಲಿ ಹಾಸುತ್ತಾ ಬಂದರು. ದಾರ ಸರಿಯಾಗಿ ನನ್ನ ಗುರುತಿನಲ್ಲಿ ಮುಗಿಯಿತು.

"ದಾರ ಎಳೆದ್ರೆ ಹಿಗ್ಗತೈತೆ. ಅದನ್ನ ನಂಬಾಕಾಗ್ತದಾ?" ಎಂದರು ಸಾಹುಕಾರರು.

"ನಮ್ಮ ಮಿಲ್ಲಿನ ದಾರ ನಂಬಬ್ಯಾಡ ಅಂತ ನೀವೇ ಅಂದ್ರೆ ಹೆಂಗ್ರಿ?"

ಜನ ನಕ್ಕರು, ಸಾಹುಕಾರರು ನಗಲಿಲ್ಲ. ನಮ್ಮನ್ನು ಒಂದೇ ಗೆರೆಗೆ ತಂದು ನಿಲ್ಲಿಸಿದರು. "ಇದು ಓಟ ಅಲ್ರಿ. ಇದಕ್ಕೆ ನಾನು ದಾರ ಹಿಡಿಯಲ್ಲ" ಎಂದು ಇಮಾಂಸಾಬರು ಉಂಡೆಯನ್ನು ಜೇಬಿಗಿಳಿಸಿ ಹೊರಟೇಹೋದರು. ನಾನು ಕೊನೆಯವಳಾಗಿ ಬಂದೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಮಾಂಸಾಬರಿಗೆ ಮೈದಾನದ ಕೆಲಸ ತಪ್ಪಿತು. ತಪ್ಪಾಯಿತು ಎಂದರೆ ಅದನ್ನು ವಾಪಸು ಕೊಡುತ್ತೇವೆಂದು ಸಾಹುಕಾರರು ಆಮೇಲೆ ಹೇಳಿ ಕಳಿಸಿದರು. "ದಾರ ಏನು ತಪ್ಪು ಮಾಡೈತೆ?" ಎಂದು ಕೇಳಿದರೇ ಹೊರತು ಇಮಾಂಸಾಬರು ಹೋಗಲಿಲ್ಲ.

ಮುಂದಿನ ವರ್ಷ ಆಯ್ಕೆ ನಡೆದದ್ದು ಹರಿಹರದಲ್ಲಿ. ಉಬ್ಬಸದಿಂದ ಹಾಸಿಗೆ ಹಿಡಿದಿದ್ದ ಇಮಾಂಸಾಬರು ಉಂಡೆಯನ್ನು ನನ್ನ ಕೈಗಿಟ್ಟರು. ಅಲ್ಲೂ ಅದೇ ಒಂದೇ ಗೆರೆ, ನನಗೆ ಮತ್ತೆ ಹೊರಗಿನ ಸಾಲು. ನಾನು ಗೆರೆಯ ಮೇಲೇ ಕೂತುಬಿಟ್ಟೆ.

"ದಾರ ಹಾಕಿ ಅಳೀರಿ. ಅಲ್ಲೀತನಕ ಏಳಲ್ಲ."

ಹೆಸರು ಹೊಡೆದುಹಾಕುತ್ತೇವೆ ಎಂದರು ಪಂದ್ಯ ನಡೆಸುವವರು. ಹೊಡೆದುಹಾಕಿ ಎಂದೆ. ಮೂರನೇ ಸಾಲಿನ ಹುಡುಗಿಯೂ ಬಂದು ನನ್ನ ಪಕ್ಕ ಕೂತಳು. ಕೊನೆಗೆ ಗೊಣಗುತ್ತಲೇ ದಾರ ಹಾಸಿದರು, ಗುರುತು ಬದಲಾಯಿಸಿದರು.

ಸಂಜೆ ನೆಟ್ಟಗೆ ಅವರ ಮನೆಗೆ ಹೋದೆ.

"ಗೆದ್ಯೇನು?"

"ಇಲ್ಲ. ಎರಡನೇದು ಬಂತು."

"ಗೆರೆ?"

"ಸರಿ ಇತ್ತು."

ಉಸಿರು ಹಿಡಿದು ಹಿಡಿದು ನಕ್ಕರು. "ಹಂಗಾದ್ರೆ ಈ ಸಲ ಸೋತೋಳು ನೀನೇ. ನಾಳೆಯಿಂದ ಜಾಸ್ತಿ ಓಡು."

ಅದೇ ವಾರ ಅವರು ತೀರಿಕೊಂಡರು. ಮಣ್ಣು ಮಾಡಿದ ಮರುದಿನ ಬೆಳಗ್ಗೆ ಬಾತಿ ರಸ್ತೆಗೆ ಹೋದೆ. ಹಿಂದೆ ಸೈಕಲ್ ಇರಲಿಲ್ಲ. ಜಾಸ್ತಿಯೇ ಓಡಿದೆ.