ಕೊಟ್ರಪ್ಪನ ಸಿಟ್ಟು, ಯಮುನಾಳ ಎಡಗಾಲು

ಚಂದಾಪುರದಿಂದ ಆನೇಕಲ್ಲಿಗೆ ಹೋಗುವ ರಸ್ತೆಯಲ್ಲಿ ಕೊಟ್ರಪ್ಪನ ಗ್ಯಾರೇಜು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಬೆಳಗ್ಗೆ ಶಟರ್ ಎತ್ತಿದಾಗಿನಿಂದ ಅವನು ಬೈಯುತ್ತಲೇ ಇರುತ್ತಾನೆ. ತುಕ್ಕು ಹಿಡಿದ ಬೋಲ್ಟಿಗೆ, ಡೂಪ್ಲಿಕೇಟ್ ಸಾಮಾನು ಮಾರುವ ಅಂಗಡಿಯವನಿಗೆ, ಗುಂಡಿ ಬಿದ್ದ ರಸ್ತೆಗೆ, ಆ ರಸ್ತೆ ಮಾಡಿದವನ ವಂಶಕ್ಕೆ. ಐವತ್ತು ದಾಟಿದರೂ ಸಿಟ್ಟು ಮಾತ್ರ ಮೂಗಿನ ತುದಿಯಿಂದ ಇಳಿದಿಲ್ಲ. ಕೊಟ್ಟೂರಿನ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದವನು, ಬೊಮ್ಮಸಂದ್ರದಲ್ಲಿ ಒಂದು ಲಾರಿ ಗ್ಯಾರೇಜಿನ ಪಕ್ಕ ಗೋಡೆ ಕಟ್ಟುತ್ತಿದ್ದಾಗ, ಕೆಳಗೆ ಗ್ಯಾರೇಜಿನ ಮೇಸ್ತ್ರಿ ಲಾರಿ ರಿಪೇರಿಯಲ್ಲಿ ಮಾಡುತ್ತಿದ್ದ ತಪ್ಪನ್ನು ಗೋಡೆಯ ಮೇಲಿಂದಲೇ ಕೂಗಿ ಹೇಳಿದ್ದ. ಹೇಳಿದ್ದು ನಿಜವಾಗಿತ್ತು. ಹಾಗೆ ಕರಣೆ ಬಿಟ್ಟು ಸ್ಪ್ಯಾನರ್ ಹಿಡಿದವನಿಗೆ ಈಗ ಇಪ್ಪತ್ತೆರಡು ವರ್ಷದ ಅನುಭವ.

ಬೈಗುಳ ತಿಂದರೂ ಜನ ಅವನ ಹತ್ತಿರವೇ ಬರುತ್ತಾರೆ. ಲ್ಯಾಪ್‌ಟಾಪ್ ಚುಚ್ಚಿ ನೋಡುವ ಎಸಿ ಹಾಕಿದ ಕಂಪನಿ ಸರ್ವಿಸ್ ಸೆಂಟರಿನವರು ಕೈ ಚೆಲ್ಲಿದ ಗಾಡಿಯನ್ನು ಇವನು ಒಂದು ಸುತ್ತು ಓಡಿಸಿ ರೋಗ ಹೇಳುತ್ತಾನೆ. ಪಕ್ಕದಲ್ಲೇ ಅವನ ಹೆಂಡತಿ ಮಹಾದೇವಿಯ ವಾಟರ್ ಸರ್ವಿಸ್. ಗ್ಯಾರೇಜಿನಲ್ಲಿ ರಿಪೇರಿಯಾದ ಗಾಡಿ ಅಲ್ಲಿ ತೊಳೆಸಿಕೊಂಡೇ ಮನೆಗೆ ಹೋಗಬೇಕು. ಅದಕ್ಕೆ ದುಡ್ಡಿಲ್ಲ, ಅದು ಗಂಡ ಹೆಂಡತಿ ಸೇರಿ ಮಾಡಿಕೊಂಡ ಪದ್ಧತಿ.

ಆ ಶುಕ್ರವಾರ ಮಧ್ಯಾಹ್ನ ಯಮುನಾ ತನ್ನ ಹಳೇ ಡೀಸೆಲ್ ಕಾರು ತಂದು ನಿಲ್ಲಿಸಿ, ಬಾಗಿಲನ್ನು ಧಡಾರೆಂದು ಹಾಕಿದಳು. ಅವಳು ಆನೇಕಲ್ ಪಕ್ಕದ ಹಳ್ಳಿಯವಳು. ಬೊಮ್ಮಸಂದ್ರದ ಒಂದು ಫ್ಯಾಕ್ಟರಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಬರುವ ಡ್ಯೂಟಿ ಅವಳದು. ಗಾಡಿ ಬಂದದ್ದು ಒಂದೂವರೆ ತಿಂಗಳಲ್ಲಿ ಇದು ಮೂರನೇ ಸಲ, ಕಾಯಿಲೆ ಮಾತ್ರ ಒಂದೇ. ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಡುತ್ತ ಬಂದರೆ ಗಾಡಿ ಮೈಯೆಲ್ಲ ನಡುಗುತ್ತದೆ. ಮೊದಲ ಸಲ ಕೊಟ್ರಪ್ಪ ಸವೆದ ಕ್ಲಚ್ ತೆಗೆದು ಹೊಸದು ಹಾಕಿದ್ದ. ಎರಡನೇ ಸಲ ಎಂಜಿನ್ ಕೂರುವ ರಬ್ಬರ್ ಹರಿದದ್ದು ಕಂಡು ಬದಲಿಸಿದ್ದ. ಎರಡು ಸಲವೂ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರುವಾಗಿತ್ತು.

"ಫ್ಯಾಕ್ಟ್ರಿ ಗೇಟಿನ ದಿಬ್ಬದಲ್ಲಿ ಗಡಗಡ ನಡುಗಿ ಆಫ್ ಆಗೋಯ್ತು ಕಣಣ್ಣ, ಇಂದಕ್ಕೆ ಜಾರ್ತು. ಇಂದೆ ಬೈಕ್ನೋನಿದ್ದ, ಒಳಗೆ ನಾಕ್ ಜನ ಎಣ್ಮಕ್ಳು. ಏನಾದ್ರೂ ಆಗಿದ್ರೆ ಯಾರಣ್ಣ ಗತಿ? ಸೋಮವಾರಾನೂ ಇಂಗೇ ಬಂದ್ರೆ ಡ್ಯೂಟಿ ಬೇರೆಯೋರ್ಗೆ ಅಂತ ರುದ್ರೇಶ್ ಸಾರ್ ಏಳ್ಬಿಟ್ಟವ್ರೆ."

ರುದ್ರೇಶ್ ಅಲ್ಲಿನ ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್. ಆ ಡ್ಯೂಟಿ ಹೋದರೆ ಯಮುನಾಳ ಮನೆಯ ಒಲೆ ಉರಿಯುವುದಿಲ್ಲ ಎನ್ನುವುದು ಕೊಟ್ರಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಕೀ ಕಿತ್ತುಕೊಂಡು ಗಾಡಿ ಹತ್ತಿದ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿದ, ಎಂಜಿನ್ ಸಲೀಸಾಗಿ ಏರಿತು, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸರಿ ಇದೆ. ಸೆಕೆಂಡ್ ಗೇರಿನಲ್ಲಿ ಒಮ್ಮೆಲೇ ಎಳೆದ, ನಡುಕವಿಲ್ಲ, ಚಕ್ರಕ್ಕೆ ಹೋಗುವ ಆಕ್ಸಲ್ ಕೂಡ ಸರಿ. ಕ್ಲಚ್ ಪೂರ್ತಿ ಬಿಟ್ಟಮೇಲೆ ಗಾಡಿ ಹಾಲು ಕುಡಿದ ಮಗುವಿನಂತೆ ತೆಪ್ಪಗಿತ್ತು. ಅರ್ಧ ಒತ್ತಿ ಅರ್ಧ ಬಿಡುವ ಆ ಒಂದು ಗಳಿಗೆಯಲ್ಲಿ ಮಾತ್ರ ಸ್ಟೀರಿಂಗ್ ಹಿಡಿದ ಕೈ ನಡುಗುವಷ್ಟು ಅಲುಗಾಟ. ಹಾಗಾದರೆ ರೋಗ ಕ್ಲಚ್ಚಿನಲ್ಲೇ ಇದೆ. ಅಷ್ಟು ಹೊತ್ತಿಗೆ ಅವನ ಮೈಯೆಲ್ಲ ಉರಿಯತೊಡಗಿತ್ತು. ತಾನು ಹಾಕಿದ ಕ್ಲಚ್ ಒಂದೂವರೆ ತಿಂಗಳಿಗೆ ಕೆಡುವುದೆಂದರೇನು? ಕೆಟ್ಟಿದ್ದರೆ ಕೆಡಿಸಿದವರು ಬೇರೆ ಯಾರೋ.

ಗ್ಯಾರೇಜಿನ ಮುಂದೆ ಮೂರು ಜನ ಡ್ರೈವರುಗಳು ಚಹಾ ಕುಡಿಯುತ್ತ ಕೂತಿದ್ದರು. ಅವರ ಎದುರಿಗೇ ಶುರು ಮಾಡಿದ.

"ಗಾಡೀಗೆ ಏನೂ ಆಗಿಲ್ಲವ್ವ. ನಿನ್ನ ಎಡಗಾಲಿಗೆ ಆಗೈತಿ! ಇಡೀ ದಿನ ಕ್ಲಚ್ ಮ್ಯಾಲೆ ಕಾಲಿಟ್ಕೊಂಡು ಕುಂತರ ಯಾವ ಪ್ಲೇಟ್ ತಡೀತೈತಿ? ಓಡ್ಸಾಕ ಬರ್ದಿದ್ರ ಗಾಡಿ ಯಾಕ ಇಟ್ಕೋಬೇಕು?"

ಚಹಾ ಕುಡಿಯುತ್ತಿದ್ದವರು ಕಿಸಕ್ಕನೆ ನಕ್ಕರು. ಯಮುನಾಳ ಮುಖ ಕೆಂಪಾಯಿತು. ಅದೇ ಹೊತ್ತಿಗೆ ಕೊಟ್ರಪ್ಪನಿಗೆ ರುದ್ರೇಶನ ಫೋನ್ ಬಂತು. ಗಾಡಿ ಸಮಸ್ಯೆಯೋ, ಡ್ರೈವರ್ ಸಮಸ್ಯೆಯೋ ಎಂದು ಅವನು ಕೇಳಿದ. ಕೊಟ್ರಪ್ಪ ಸಿಟ್ಟಿನ ಭರದಲ್ಲೇ, "ಡ್ರೈವರ್ ಸಾರ್, ಗಾಡಿ ಅಲ್ಲ" ಎಂದುಬಿಟ್ಟ.

ಯಮುನಾ ಅಳಲಿಲ್ಲ. "ಗಾಡಿ ಅತ್ತಿ ಕೂತ್ಕೊಳಿ" ಎಂದು ಪಕ್ಕದ ಸೀಟು ತೋರಿಸಿದಳು. ಸಂತೆ ಬೀದಿಯ ಗಿಜಿಗುಡುವ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಿದಳು. ಗೇರು ಬದಲಿಸಿದ ಕೂಡಲೇ ಅವಳ ಎಡಗಾಲು ಪೆಡಲ್ ಬಿಟ್ಟು ನೆಲಕ್ಕೆ ಹೋಗುತ್ತಿತ್ತು, ಒಂದು ಸಲವೂ ತಪ್ಪಲಿಲ್ಲ. ಕೊಟ್ರಪ್ಪ ನೋಡಿದ. ತನ್ನದು ತಪ್ಪು ಲೆಕ್ಕ ಎಂದು ಅವನಿಗೆ ಅಲ್ಲೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ, ರುದ್ರೇಶನಿಗೆ ತಿರುಗಿ ಫೋನೂ ಮಾಡಲಿಲ್ಲ. ಆಡಿದ ಮಾತನ್ನು ನುಂಗಿಕೊಳ್ಳುವುದು ಅವನು ಕಲಿತ ವಿದ್ಯೆಯಲ್ಲ. ಅವಳು ಕೀಯನ್ನು ಟೂಲ್ ಬಾಕ್ಸಿನ ಮೇಲೆ ಎಸೆದು ಬಸ್ಸಿಗೆ ಹೋದಳು.

ಶನಿವಾರ ಬೆಳಗ್ಗೆ ಗೇರ್‌ಬಾಕ್ಸ್ ಇಳಿಸಿದ. ಕ್ಲಚ್ ಪ್ಲೇಟು ಹೊರಗೆ ಬಂದಾಗ ಅವನ ಕೈಯೆಲ್ಲ ಜಿಡ್ಡಾಯಿತು. ಒಣಗಿರಬೇಕಾದ ಪ್ಲೇಟು ಎಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆ ಬಿದ್ದ ಪ್ಲೇಟು ಹಿಡಿಯುತ್ತ ಜಾರುತ್ತ, ಮತ್ತೆ ಹಿಡಿಯುತ್ತ ಜಾರುತ್ತ ಇರುತ್ತದೆ. ನಡುಕ ಅದರಿಂದಲೇ. ಆದರೆ ಎಣ್ಣೆ ಬಂದದ್ದು ಎಲ್ಲಿಂದ? ಎಂಜಿನ್ನಿನ ಆಯಿಲ್ ಸೀಲ್ ಸೋರಿರಲಿಲ್ಲ, ಗೇರ್‌ಬಾಕ್ಸಿನ ಸೀಲೂ ಸೋರಿರಲಿಲ್ಲ. ಪ್ಲೇಟನ್ನು ಮೂಗಿಗೆ ಹಿಡಿದ. ಡೀಸೆಲ್ಲಿನ ವಾಸನೆ, ಜೊತೆಗೆ ಸುಟ್ಟ ಹಳೇ ಆಯಿಲ್ಲಿನ ವಾಸನೆ. ದಿನಾ ಪಕ್ಕದ ಜಾಗದಿಂದ ಗಾಳಿಯಲ್ಲಿ ತೇಲಿ ಬರುವ ವಾಸನೆಯೇ ಅದು.

"ಮಹಾದೇವೀ!"

ಗಾಡಿ ತೊಳೆದ ಮೇಲೆ ತಳಕ್ಕೆ ತುಕ್ಕು ಹಿಡಿಯಬಾರದೆಂದು ಡೀಸೆಲ್ ಬೆರೆಸಿದ ಹಳೇ ಆಯಿಲ್ಲನ್ನು ಗಾಳಿಯ ಒತ್ತಡದಲ್ಲಿ ಸಿಂಪಡಿಸುವುದು ಇಲ್ಲಿನ ವಾಟರ್ ಸರ್ವಿಸ್‌ಗಳಲ್ಲಿ ರೂಢಿ. ಮಹಾದೇವಿಯೂ ಸಿಂಪಡಿಸುತ್ತಿದ್ದಳು. ಕೊಟ್ರಪ್ಪ ಪ್ಲೇಟನ್ನು ಅವಳ ಮುಖದ ಮುಂದೆ ಹಿಡಿದು ಬಾಯಿಗೆ ಬಂದಂತೆ ಕೂಗಾಡಿದ. ತನ್ನ ಕೆಲಸ ಕೆಡಿಸಿದಳು, ಹೆಸರು ಹಾಳು ಮಾಡಿದಳು ಎಂದ. ಅವಳು ಪೈಪಿನ ನೀರು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ನನ್ನ ಮ್ಯಾಲೆ ಗೂಬಿ ಕೂರಿಸಬ್ಯಾಡ" ಎಂದಳು. "ಆಯಿಲ್ ಹೊಡಿ ಅಂದಾಂವ ನೀನು. ಎರಡು ವರ್ಷದಿಂದ ಹೊಡೀತೀನಿ. ಬರೇ ತೊಳಸಾಕ ಬರೋ ಗಾಡೀಗೆ ಆಗದ್ದು ಈ ಗಾಡೀಗೆ ಹೆಂಗಾತು? ಆಯಿಲ್ ಒಳಗ ಹೋಗಾಕ ದಾರಿ ಬೇಕಲ್ಲ, ಆ ದಾರಿ ಬಿಟ್ಟಾವ್ರು ಯಾರು, ಮೊದಲು ಅದನ್ನ ನೋಡು."

ಅವನು ಬಗ್ಗಿ ನೋಡಿದ. ನೋಡಿದ ಮೇಲೆ ಕೂಗಾಟ ನಿಂತಿತು. ಗೇರ್‌ಬಾಕ್ಸಿನ ಕೆಳಗೆ, ಕ್ಲಚ್ಚಿರುವ ಕಡೆ ಅಂಗೈಯಗಲದ ಒಂದು ತಗಡಿನ ಮುಚ್ಚಳ ಇರಬೇಕು. ಅಲ್ಲಿ ಬರೀ ಕಿಂಡಿ ಇತ್ತು. ಮುಚ್ಚಳ ಹಾಕದೆ ಬಿಟ್ಟವನು ಕೊಟ್ರಪ್ಪನೇ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಸಿಯಾಗುತ್ತದೆ, ಅದಕ್ಕೆ ಗಾಳಿ ಆಡಲಿ ಎಂದು ಅವನಿಗೆ ಕೆಲಸ ಕಲಿಸಿದ ಗುರು ಆ ತಗಡನ್ನು ಕಿತ್ತು ಗುಜರಿಗೆ ಎಸೆಯುತ್ತಿದ್ದ. ಅವನೂ ಇಪ್ಪತ್ತೆರಡು ವರ್ಷದಿಂದ ಎಸೆಯುತ್ತಲೇ ಬಂದಿದ್ದ. ತಳಕ್ಕೆ ಆಯಿಲ್ ಹೊಡೆಯದ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಈಗ ಗಂಡ ಕಿಂಡಿ ತೆರೆಯುವುದು, ಹೆಂಡತಿ ಅದೇ ಕಿಂಡಿಗೆ ಎಣ್ಣೆ ಹೊಡೆಯುವುದು. ಅದೂ ಪುಕ್ಕಟೆ, ಪ್ರೀತಿಯಿಂದ. ಎಂಜಿನ್ ರಬ್ಬರ್ ಬದಲಿಸಿದ ದಿನವೂ ಮತ್ತೊಂದು ಸಲ ಹೊಡೆದು ಕಳಿಸಿದ್ದರು.

ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೆ ಅಸಹ್ಯದಿಂದ ಯಮುನಾಳ ಡ್ಯೂಟಿ ಉಳಿಯುವುದಿಲ್ಲ. ರುದ್ರೇಶನಿಗೆ ಫೋನ್ ಮಾಡಿ ತಪ್ಪು ಡ್ರೈವರಿನದಲ್ಲ, ತನ್ನದು ಎಂದ.

"ಈಗ ಹೇಳಿದ್ರೆ ಹೆಂಗೆ ಗುರು? ಡ್ರೈವರ್ ಸರಿ ಇಲ್ಲ ಅಂತ ನೀವೇ ತಾನೆ ಹೇಳಿದ್ದು? ಅವಳ ಬದಲು ಡ್ರೈವರ್ ಈರಣ್ಣನ ಗಾಡಿಗೆ ಮಾತಾಡಿಬಿಟ್ಟೆ" ಎಂದ ರುದ್ರೇಶ್.

ಆಮೇಲೆ ಕೊಟ್ರಪ್ಪ ಯಮುನಾಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ನನ್ ಕಾಲ್ಗೆ ಬೈದಿದ್ದು ಎಲ್ರ ಮುಂದೆ. ತಪ್ಪು ಒಪ್ಕೊಳೋದು ಮಾತ್ರ ಫೋನಲ್ಲಾ?" ಎಂದಳು. "ಸೋಮವಾರ ಫ್ಯಾಕ್ಟ್ರಿ ಗೇಟ್ ಅತ್ರ ಬನ್ನಿ. ಡ್ರೈವರ್‌ಗಳೆಲ್ಲ ಇರ್ತಾರೆ, ಅಲ್ಲೇ ಏಳಿ."

ಭಾನುವಾರ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಸರಿಹೊಂದುವ ಮುಚ್ಚಳ ಹುಡುಕಿದ. ಪ್ಲೇಟು ಒತ್ತಿ ಕೂರುವ ಫ್ಲೈವೀಲನ್ನು ಒರೆಸಿ ಒಣಗಿಸಿ, ಹೊಸ ಪ್ಲೇಟು ಹಾಕಿ, ಮುಚ್ಚಳ ಕೂರಿಸಿದ. ಸೋಮವಾರ ಮಧ್ಯಾಹ್ನದ ಪಾಳಿಗೆ ಮೊದಲು, ಎಣ್ಣೆ ಮೆತ್ತಿದ ಹಳೇ ಪ್ಲೇಟನ್ನು ಪೇಪರಿನಲ್ಲಿ ಸುತ್ತಿಕೊಂಡು ಯಮುನಾಳ ಪಕ್ಕ ಕೂತು ಹೋದ.

ಗೇಟಿನ ಹತ್ತಿರ ಹತ್ತು ಹದಿನೈದು ಡ್ರೈವರುಗಳಿದ್ದರು. ಶುಕ್ರವಾರ ನಕ್ಕವರಲ್ಲಿ ಇಬ್ಬರು ಅಲ್ಲೇ ಇದ್ದರು. ಕೊಟ್ರಪ್ಪ ಪ್ಲೇಟು ಬಿಚ್ಚಿ ರುದ್ರೇಶನ ಮುಂದೆ ಹಿಡಿದ. "ಈಕೀ ಕಾಲಿನ ತಪ್ಪಲ್ಲ ಸಾರ್. ಮುಚ್ಚಳ ಬಿಟ್ಟಾಂವ ನಾನು, ಆಯಿಲ್ ಹೊಡಿಸಿದಾಂವ ನಾನು. ಗೊತ್ತಾದ ಮ್ಯಾಲೂ ಒಂದು ದಿನ ಸುಮ್ಮನ ಕುಂತಾಂವ ನಾನು."

"ಮಾತು ಸಾಕು. ಆ ದಿಬ್ಬದ ಮಧ್ಯ ನಿಲ್ಲಿಸಿ ಮತ್ತೆ ಎತ್ತಲಿ, ನೋಡೋಣ" ಎಂದ ರುದ್ರೇಶ್.

ಶುಕ್ರವಾರ ಗಾಡಿಯಲ್ಲಿದ್ದ ನಾಲ್ವರು ಹೆಣ್ಣುಮಕ್ಕಳು ಬೇರೆ ಗಾಡಿಯಲ್ಲಿ ಪಾಳಿಗೆ ಬಂದಿದ್ದರು, ಕೆಳಗೆ ನಿಂತು ನೋಡಿದರು. ಕೊಟ್ರಪ್ಪ ಒಳಗೇ ಕೂತಿದ್ದ. ಯಮುನಾ ದಿಬ್ಬದ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಳು. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿದಳು. ಗಾಡಿ ಜಾರಲಿಲ್ಲ, ನಡುಗಲಿಲ್ಲ, ಒಂದೇ ಉಸಿರಿಗೆ ಮೇಲೆ ಹೋಯಿತು. ಹೀಗೆ ಮೂರು ಸಲ ಮಾಡಿಸಿದ ಮೇಲೆ ರುದ್ರೇಶ್ ಈರಣ್ಣನಿಗೆ ಫೋನ್ ಹಚ್ಚಿ ಬರುವುದು ಬೇಡ ಎಂದ.

ಕೊಟ್ರಪ್ಪ ನಿಟ್ಟುಸಿರು ಬಿಟ್ಟು ಯಮುನಾಳ ಕಡೆ ನೋಡಿದ. ಅವಳು ಗಾಡಿ ಆಫ್ ಮಾಡಿರಲಿಲ್ಲ.

"ಇಂಗೆ ಕಿಂಡಿ ಬಿಟ್ಟು ಕಳ್ಸಿರೋ ಗಾಡಿ ಇನ್ನೆಷ್ಟವೆ?"

ಅವನಿಗೆ ಗೊತ್ತಿರಲಿಲ್ಲ. ನೂರೋ, ಇನ್ನೂರೋ. ಸರ್ಜಾಪುರದಿಂದ ಅತ್ತಿಬೆಲೆಯವರೆಗೆ ಯಾವ ಯಾವ ದಿಬ್ಬದ ಮೇಲೋ.

"ಉಡುಕಿ ಮುಚ್ಚೋಗಿ" ಎಂದಳು ಯಮುನಾ. "ನನ್ ಗಾಡೀಗೆ ಇನ್ಮೇಲೆ ಕೈ ಆಕ್ಬೇಡಿ. ಇಳೀರಿ, ಬೆಳಗ್ಗೆ ಪಾಳಿಯೋರನ್ನ ಮನೆಗೆ ಬಿಡ್ಬೇಕು, ಒತ್ತಾಯ್ತು."

ಅವನು ಇಳಿದ.