ಮರಳಿಗೆ ಕಿವಿ ಇಟ್ಟ ಮಹಾಮಾಯಾ

ಇನ್ನೂ ಸೂರ್ಯ ಮೂಡಿಲ್ಲ. ಔರಾದ ತಾಲ್ಲೂಕಿನ ಮಾಂಜ್ರಾ ನದಿಯ ದಂಡೆಯಲ್ಲಿ ಐವತ್ತರ ಆಸುಪಾಸಿನ ಮಹಾಮಾಯಾ ಕೋಲು ಹಿಡಿದು ನಿಂತಿದ್ದಾರೆ. ಬಟ್ಟೆಗಂಟು ಹೊತ್ತು ಬಂದ ಜಿಜಾಬಾಯಿಯನ್ನು ತಡೆಯುತ್ತಾರೆ.

"ವೈನಿ, ಇಲ್ಲಿ ಬ್ಯಾಡ್ರಿ. ನಿನ್ನಿ ಸಂಜಿಕ ಇಲ್ಲೇ ಒಂದು ಮೊಸಳಿ ತಲಿ ಎತ್ತಿತ್ತು. ಮ್ಯಾಲಿನ ಕಲ್ಲಿಗಿ ಹೋಗ್ರಿ."

ಜಿಜಾಬಾಯಿ ಗೊಣಗುತ್ತಲೇ ಆಚೆ ನಡೆಯುತ್ತಾರೆ.

ಮಹಾಮಾಯಾ ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ್ತಿ. ದಿನಕ್ಕೆ ಐದು ಕಿಲೋಮೀಟರ್ ದಂಡೆ ನಡೆದು, ಮೊಸಳೆಗಳು ಎಲ್ಲಿ ಬಿಸಿಲು ಕಾಯುತ್ತಿವೆ, ಎಲ್ಲಿ ಮರಳಿನಲ್ಲಿ ಮೊಟ್ಟೆ ಇಟ್ಟಿವೆ ಎಂದು ನೋಡಿ ಊರಿಗೆ ಹೇಳುತ್ತಾರೆ. ಬೀದರ, ಭಾಲ್ಕಿಯಿಂದ ಬರುವವರು ಮೊಬೈಲ್ ಎತ್ತಿ 'ಅಲಿಗೇಟರ್' ಎನ್ನುತ್ತಾರೆ.

"ಅಲಿಗೇಟರ್ ನಮ್ಮ ದೇಶದ್ದಲ್ರಿ. ಅಮೆರಿಕಾ, ಚೀನಾದಾಗ ಇರ್ತದಂತ. ಅದು ಬಾಯಿ ಮುಚ್ಚಿದ್ರ ಕೆಳಗಿನ ಹಲ್ಲು ಕಾಣಂಗಿಲ್ಲ. ನಮ್ಮ ಮೊಸಳಿ ಮೂತಿನೂ ಅಗಲ, ಖರೆ. ಆದ್ರ ಬಾಯಿ ಮುಚ್ಚಿದ್ರೂ ಕೆಳಗಿನ ನಾಕನೇ ಹಲ್ಲು ಹೊರಗ ಕಾಣ್ತದ. ಗಾರ್ಡ್ ಶಿವರಾಜಪ್ಪನೋರು ಕಲಿಸ್ಯಾರ."

ಇಲಾಖೆಯ ಕೆಲಸ ಸಿಕ್ಕಿದ್ದು ಆಮೇಲೆ. ಕಾವಲು ಶುರುವಾದದ್ದು ಏಳು ವರ್ಷಗಳ ಹಿಂದೆ, ಅಕ್ಕ ಶಾಲುಬಾಯಿಯನ್ನು ಮೊಸಳೆ ಎಳೆದುಕೊಂಡು ಹೋದ ಮರುವಾರ. ಆಕೆ ಬಟ್ಟೆ ಒಗೆಯುತ್ತಿದ್ದ ಜಾಗದಿಂದ ಹತ್ತೇ ಹೆಜ್ಜೆಗೆ ಮೊಟ್ಟೆಗಳಿದ್ದವು. ಯಾರಿಗೂ ಗೊತ್ತಿರಲಿಲ್ಲ.

"ಒಬ್ಬರರ ಹೇಳಿದ್ರ ಅಕ್ಕ ಅಲ್ಲಿ ಕುಂದರ್ತಿರಲಿಲ್ರಿ. ಅದಕ್ಕ ನಾ ಹೇಳ್ತೇನಿ."

ಊರವರು ಕೋಲು, ಕೊಡಲಿ ಹಿಡಿದು ಹೊಳೆಗಿಳಿದಾಗ ಮಹಾಮಾಯಾ ಬೇಡ ಎನ್ನಲಿಲ್ಲ. ಆದರೆ ಮೊಸಳೆ ಸಿಗಲಿಲ್ಲ. ಬೆನ್ನ ಮೇಲೆ ಹಳೆಯ ಗಾಯದ ಗುರುತಿದ್ದ ಆ ಹೆಣ್ಣು ಮೊಸಳೆ ವರ್ಷವರ್ಷವೂ ಅದೇ ಮರಳಿಗೆ ಬಂದು ಮೊಟ್ಟೆ ಇಟ್ಟಿತು. ಮಹಾಮಾಯಾ ಜನರನ್ನು ದೂರ ಇಟ್ಟರು.

ಈ ವರ್ಷ ಮೇ ತಿಂಗಳಲ್ಲಿ ಅದು ಮೀನಿನ ಬಲೆಗೆ ಸಿಕ್ಕಿ, ಉಸಿರುಗಟ್ಟಿ ಸತ್ತಿತು. ಮೊಸಳೆ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ಆ ದನಿ ಕೇಳಿ ತಾಯಿ ಮರಳು ತೋಡಿ, ಅವನ್ನು ಬಾಯಲ್ಲಿಟ್ಟು ನೀರಿಗೆ ಒಯ್ಯುತ್ತದೆ. ಈಗ ತೋಡುವವರಿಲ್ಲ. ಶಿವರಾಜಪ್ಪ ಹೇಳಿದಂತೆ ಮಹಾಮಾಯಾ ದಿನವೂ ಬೆಳಗ್ಗೆ ಮರಳಿಗೆ ಕಿವಿ ಇಟ್ಟರು. ಒಂಬತ್ತನೇ ದಿನ ಕೂಗು ಕೇಳಿತು.

"ಕೈ ಹಾಕಬೇಕಂದ್ರ ಅಕ್ಕನ ಮಾರಿನೇ ಕಣ್ಣಿಗಿ ಬಂತ್ರಿ. ಜರಾ ಹೊತ್ತು ಕುಂತು ಅತ್ತೆ. ಅವು ಕೂಗೂದು ಬಿಡಲಿಲ್ಲ. ಆಮ್ಯಾಲ ತೋಡಿದೆ."

ಇಪ್ಪತ್ತಾರು ಮೊಟ್ಟೆಗಳಲ್ಲಿ ಜೀವವಿದ್ದದ್ದು ಹನ್ನೊಂದರಲ್ಲಿ. ಗೇಣುದ್ದದ ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನೀರಿಗೆ ಬಿಟ್ಟರು. ಕಾಯಲು ತಾಯಿ ಇಲ್ಲದ ಮರಿಗಳನ್ನು ಹದ್ದು, ಕೊಕ್ಕರೆಗಳು ಎತ್ತಿಕೊಂಡವು. ಮಳೆಗಾಲ ಮುಗಿದಾಗ ಕಂಡದ್ದು ಎರಡೇ.

ಅವ್ವನನ್ನು ಕೊಂದ ಮೊಸಳೆಯ ಮರಿಗಳನ್ನು ಉಳಿಸಿದ ದಿನದಿಂದ ಶಾಲುಬಾಯಿಯ ಮಗ ಅಶ್ವಜಿತ ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದಾನೆ. ಎದುರು ಬಂದರೆ ದಾರಿ ಬದಲಿಸುತ್ತಾನೆ.

"ಅಂವಂದು ತಪ್ಪಿಲ್ರಿ. ಅವ್ವನ್ನ ಕಳಕೊಂಡಾನ." ಮಹಾಮಾಯಾ ಹೊಳೆಯ ಕಡೆ ನೋಡುತ್ತಾರೆ.

ಸರ್ಕಾರದಿಂದ ಏನು ಬೇಕು ಎಂದು ಕೇಳಿದರೆ ಕೋಲು ಎತ್ತಿ ಊರಿನ ಕಡೆ ತೋರಿಸುತ್ತಾರೆ.

"ನಮ್ಮ ಓಣಿಗಿ ಒಂದು ನೀರಿನ ನಳ ಹಾಕಿಸ್ಲಿರಿ. ಹೆಣ್ಮಕ್ಳು ಹೊಳಿಗಿ ಬರೂದು ನಿಂತ್ರ, ನಾ ಇಲ್ಲಿ ನಿಂದ್ರೂದೇ ಬೇಕಾಗಂಗಿಲ್ಲ."