ಎದೆಬಡಿತಕ್ಕೆ ಕಿವಿಗೊಟ್ಟ ರೊವೇನಾ ಟಿಂಡೇಲ್

ದೇಹವು ತನ್ನೊಳಗಿನ ಸಂಗತಿಗಳನ್ನು ತಾನೇ ಹೇಗೆ ಅರಿಯುತ್ತದೆ ಎಂಬ ಶೋಧನೆಗೆ ಟಾಸ್ಮೇನಿಯಾದಲ್ಲಿ ಮೂವತ್ತೊಂದು ವರ್ಷ ದುಡಿದು, ಈ ತಿಂಗಳು ಹೋಬಾರ್ಟಿನ ನಮ್ಮ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ಡಾ. ರೊವೇನಾ ಟಿಂಡೇಲ್ ಅವರ ಬಗ್ಗೆ ಬರೆಯಲು ನನ್ನನ್ನು ಕೇಳಿದ್ದು ಸಂಪಾದಕರ ದೊಡ್ಡತನ. ಏಕೆಂದರೆ ಅವರ ಸೇವಾವಧಿಯ ಅತಿ ದೊಡ್ಡ ತಲೆನೋವು ನಾನೇ.

ನಾನು ಆರೋಗ್ಯ ಅಳೆಯುವ ಕೈಪಟ್ಟಿಗಳನ್ನು ತಯಾರಿಸುವ ಎಂಜಿನಿಯರ್. ಹನ್ನೆರಡು ವರ್ಷಗಳ ಹಿಂದೆ ನಮ್ಮ ಜಂಟಿ ಸಂಶೋಧನೆ ಆರಂಭವಾದಾಗ, ನನ್ನ ಮೊದಲ ಪಟ್ಟಿಯನ್ನು ಅವರು ಶ್ರದ್ಧೆಯಿಂದ ಧರಿಸಿ ಡೀನರ ಸಭೆಗೆ ಹೋದರು. ಡೀನರ ಭಾಷಣದ ನಡುವೆ ಅದು "ಗಾಢ ನಿದ್ರೆ, ಅಭಿನಂದನೆಗಳು" ಎಂದು ಗಟ್ಟಿಯಾಗಿ ಸಾರಿತು. ನನ್ನ ಮಾನ ಉಳಿಸಲು ರೊವೇನಾ ಅವರು ತಾವು ತೂಕಡಿಸಿದ್ದು ನಿಜವೆಂದು ಒಪ್ಪಿಕೊಂಡರು.

ನಾಲ್ಕನೆಯ ವರ್ಷ ಅನುದಾನ ಕೊಡುವವರ ಮುಂದೆ ಪ್ರದರ್ಶನವಿತ್ತು. ಪ್ರಯೋಗಕ್ಕೆ ಬಂದ ಊರವರು ನಾಡಿ ಮುಟ್ಟದೆ ಒಂದು ನಿಮಿಷ ತಮ್ಮ ಎದೆಬಡಿತ ಎಣಿಸಬೇಕು, ಪಟ್ಟಿಯೂ ಎಣಿಸುತ್ತದೆ. ಸಿಂಪಿ ಸಾಕುವ ಕ್ಲೆಮ್ ಪ್ಯಾಸ್ಕೋ ನಲವತ್ತೊಂಬತ್ತು ಎಂದ. ಪಟ್ಟಿ ಅರವತ್ತೆರಡು ಎಂದಿತು.

"ಲೆಕ್ಕ ತಪ್ಪಿದ್ರಲ್ಲ ಕ್ಲೆಮ್," ಎಂದು ನಕ್ಕೆ.

"ತಪ್ಪಿರೋದು ನಿನ್ ಬಳೆ ಕಣಯ್ಯ. ನನ್ನೆದೆ ನಡುನಡುವೆ ಸುಮ್ನಾಗ್ಬಿಡ್ತಿದೆ."

"ಇದರ ಹಿಂದೆ ನಾಲ್ಕು ವರ್ಷದ ಕೆಲಸ ಇದೆ."

"ಇದು ಅರವತ್ತಾರು ವರ್ಷದಿಂದ ಒಂದು ರಜಾನೂ ಹಾಕಿಲ್ಲ," ಎಂದು ಕ್ಲೆಮ್ ಎದೆ ತಟ್ಟಿಕೊಂಡ.

ಎಲ್ಲರೂ ನಕ್ಕರು. ರೊವೇನಾ ಮಾತ್ರ ನಗದೆ ಅವನ ಮಣಿಕಟ್ಟು ಹಿಡಿದು ನಿಂತರು. ನಂತರ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು: "ಡೆಸ್, ಕಾರ್ ತೆಗಿ."

"ಅನುದಾನದವರು ಕೂತಿದ್ದಾರಲ್ಲ!"

"ಕೂತಿರ್ಲಿ. ಇವರನ್ನ ಕೂರಿಸ್ಕೊಂಡ್ರೆ ಆಗಲ್ಲ."

ಆಸ್ಪತ್ರೆಯಲ್ಲಿ ಮರುದಿನವೇ ಕ್ಲೆಮ್‌ಗೆ ಪೇಸ್‌ಮೇಕರ್ ಅಳವಡಿಸಿದರು. ಅವನ ಎದೆ ಬಿಟ್ಟ ಬಡಿತಗಳನ್ನು ಸಾಧನದ ದೋಷವೆಂದು ತಿಳಿದು ನನ್ನ ಪಟ್ಟಿ ತಾನೇ ತುಂಬಿಸಿಕೊಂಡಿತ್ತು. ಹಾಗೆ ತುಂಬಿಸಲು ಕಲಿಸಿದವನು ನಾನು. ಅನುದಾನ ಕೈತಪ್ಪಿತು. ವರದಿಯಲ್ಲಿ ನನ್ನ ಹೆಸರು ಬರುವುದೆಂದು ವಾರವಿಡೀ ಊಟ ರುಚಿಸಲಿಲ್ಲ; ರೊವೇನಾ ಅವರು ಬರೆದದ್ದು "ನಮ್ಮ ತಪ್ಪು" ಎಂದಷ್ಟೇ. ನಂತರದ ಪ್ರಬಂಧಕ್ಕೆ ಕ್ಲೆಮ್‌ನನ್ನು ಮೂರನೆಯ ಲೇಖಕನಾಗಿ ಸೇರಿಸಿದರು. ಸಂಶೋಧನಾ ಪತ್ರಿಕೆಯವರು ಅವನ ಸಂಸ್ಥೆ ಯಾವುದೆಂದು ಕೇಳಿದಾಗ, ರೊವೇನಾ ಅವರು "ಸಿಂಪಿ ಶೆಡ್ಡು, ಜೆಟ್ಟಿಯ ಪಕ್ಕ" ಎಂದು ತುಂಬಿದರು. ಅದು ಹಾಗೆಯೇ ಅಚ್ಚಾಯಿತು.

ರೊವೇನಾ ಅವರು ಆಯುರಾರೋಗ್ಯದಿಂದ ನೂರು ದಾಟಲಿ, ಅವರ ಕೆಲಸ ನಿಲ್ಲದಿರಲಿ. ಬರುವ ಸೋಮವಾರದಿಂದ ಅದೇ ಶೆಡ್ಡಿನಲ್ಲಿ ಅವರು ಮೀನುಗಾರರಿಗೆ ಅವರವರ ಒಳಗಿನ ಸದ್ದು ಕೇಳುವುದನ್ನು ಕಲಿಸಲಿದ್ದಾರೆ. ನಾನೂ ಹೆಸರು ಕೊಟ್ಟಿದ್ದೇನೆ. ಕೈಪಟ್ಟಿ ಬಿಚ್ಚಿಟ್ಟು ಬರಬೇಕೆಂಬ ಷರತ್ತು ನನಗೊಬ್ಬನಿಗೆ ಮಾತ್ರ.